ಪದೇಪದೇ ಕ್ಲೇಮ್ ಆಗುವ ಸಿಟಿ ಕಾರು: ಪ್ರೀಮಿಯಂ ಏರಿದ್ದು ಎಲ್ಲಿ, ಯಾವ ಕವರ್ ಇಟ್ಟುಕೊಳ್ಳಬೇಕು?

(ಇದು ಆನ್‌ಲೈನ್ ಚರ್ಚೆಯ ಎಳೆ. ಪ್ರತಿ ಭಾಗದ ಮೇಲಿರುವುದು ಬರೆದವರ ಅಡ್ಡಹೆಸರು.)

ಹಿಂಬದಿ ಬಂಪರ್

1,197 ಸಿಸಿ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಬೆಂಗಳೂರು ನೋಂದಣಿ, ಇನ್ನೇನು ಮೂರು ವರ್ಷ ತುಂಬಲಿದೆ. ಎರಡು ವರ್ಷದಲ್ಲಿ ಮೂರು ಕ್ಲೇಮ್: ಹಿಂದಿನ ಬಂಪರ್ ಎರಡು ಸಲ, ಎಡಬದಿ ಬಾಗಿಲು ಒಂದು ಸಲ. ಎನ್‌ಸಿಬಿ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಸೊನ್ನೆ. ಆಡ್‌ಆನ್‌ಗಳನ್ನು (ಹೆಚ್ಚುವರಿ ಕವರ್) ಪಕ್ಕಕ್ಕಿಟ್ಟು ನೋಡಿದರೂ ಕಳೆದ ವರ್ಷ ಜಿಎಸ್‌ಟಿ ಸೇರಿ 10,847 ರೂ. ಇದ್ದ ಬಿಲ್ ಈ ಸಲ 17,977 ರೂ. ಆಗಿದೆ. ಐಡಿವಿ (ವಿಮೆಗೆ ಲೆಕ್ಕ ಹಿಡಿಯುವ ಕಾರಿನ ಬೆಲೆ) 7 ಲಕ್ಷದಿಂದ 6 ಲಕ್ಷಕ್ಕೆ ಇಳಿದಿದೆ. ಪಿಎ (ವೈಯಕ್ತಿಕ ಅಪಘಾತ) ಕವರ್ ಬೇರೆ ಪಾಲಿಸಿಯಲ್ಲಿದೆ, ಅದನ್ನು ಸೇರಿಸಿಲ್ಲ.

ಮೂರು ಪ್ರಶ್ನೆಗಳಿವೆ. ಇದು ಪೂರ್ತಿ ಕ್ಲೇಮ್‌ಗಳ ದಂಡವೇ? ಇನ್ನು ಮುಂದೆ ಸಣ್ಣಪುಟ್ಟದ್ದನ್ನು ಕೈಯಿಂದಲೇ ಮಾಡಿಸಬೇಕೆ? ಕಂಪನಿ ಬದಲಿಸಿದರೆ ಹಳೇ ಕ್ಲೇಮ್ ಗೊತ್ತಾಗುತ್ತದೆಯೇ?

ಓಡಿ ಲೆಕ್ಕಿಗ

ಮೊದಲು ಬಿಲ್ ಬಿಚ್ಚೋಣ. ಹೊಸ ಕಾರಿಗೆ ಶೋರೂಮಲ್ಲೇ ಮೂರು ವರ್ಷದ ಥರ್ಡ್ ಪಾರ್ಟಿ (ನಮ್ಮ ಕಾರಿನಿಂದ ಬೇರೆಯವರಿಗಾದ ಹಾನಿಯ ಕವರ್) ಕಟ್ಟಿಸಿಕೊಂಡಿರುತ್ತಾರೆ. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2018ರ ಸೆಪ್ಟೆಂಬರ್ 1ರಿಂದ ಅದು ಕಡ್ಡಾಯ. ಹಾಗಾಗಿ ಮಧ್ಯದ ಎರಡು ರಿನೀವಲ್‌ನಲ್ಲಿ ನೀವು ಕಟ್ಟಿದ್ದು ಓನ್ ಡ್ಯಾಮೇಜ್ (ನಿಮ್ಮದೇ ಕಾರಿನ ಹಾನಿಯ ಕವರ್) ಮಾತ್ರ. ಈಗ ಮೂರು ವರ್ಷ ಮುಗಿಯುತ್ತಿರುವುದರಿಂದ ಥರ್ಡ್ ಪಾರ್ಟಿ ಮತ್ತೆ ಬಿಲ್ಲಿಗೆ ಬಂತು. 2022ರ ಜೂನ್ 1ರಿಂದ ಜಾರಿಯಾದ ದರದಲ್ಲಿ 1000ದಿಂದ 1500 ಸಿಸಿ ಖಾಸಗಿ ಕಾರಿಗೆ ವರ್ಷಕ್ಕೆ 3,416 ರೂ. 18% ಜಿಎಸ್‌ಟಿ ಸೇರಿದರೆ 4,031. ಇದಕ್ಕೂ ನಿಮ್ಮ ಬಂಪರಿಗೂ ಸಂಬಂಧವೇ ಇಲ್ಲ. ಮನೆ ಬಿಟ್ಟು ಹೊರಗೇ ತೆಗೆಯದ ಕಾರಿಗೂ ಅಷ್ಟೇ ಬರುತ್ತಿತ್ತು.

ಉಳಿದದ್ದು ಓನ್ ಡ್ಯಾಮೇಜ್, ಅಂದರೆ ಓಡಿ. ಹಲವು ಕಂಪನಿಗಳ ಲೆಕ್ಕದ ಅಚ್ಚು ಈಗಲೂ ಹಳೇ ಮೋಟಾರ್ ಟ್ಯಾರಿಫ್‌ನದ್ದೇ (ಹಿಂದೆ ಎಲ್ಲ ಕಂಪನಿಗೂ ಒಂದೇ ಆಗಿದ್ದ ದರಪಟ್ಟಿ). 2007ರ ಜನವರಿಯಿಂದ ಓಡಿ ದರ ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದು ನಿಜ, ಆದರೆ ಟ್ಯಾರಿಫ್ ದರ ಹಾಕಿ ಅದರ ಮೇಲೆ ಡಿಸ್ಕೌಂಟ್ ತೋರಿಸುವ ರೂಢಿ ಹೋಗಿಲ್ಲ. ಬೆಂಗಳೂರು ಎ ವಲಯ. 5 ವರ್ಷದೊಳಗಿನ ನಿಮ್ಮ ಸಿಸಿ ಕಾರಿಗೆ ಐಡಿವಿಯ 3.283%.

ಕಳೆದ ವರ್ಷ: 7 ಲಕ್ಷಕ್ಕೆ 22,981. ಅದರಲ್ಲಿ 60% ಡಿಸ್ಕೌಂಟ್ ಹೋಗಿ 9,192. ಜಿಎಸ್‌ಟಿ ಸೇರಿಸಿ ನೋಡಿ, ಸರಿಯಾಗಿ ನಿಮ್ಮ 10,847.
ಈ ವರ್ಷ: 6 ಲಕ್ಷಕ್ಕೆ 19,698. ನಿಮ್ಮ 17,977 ಕೂಡಬೇಕಾದರೆ ಓಡಿ 11,819 ಇರಬೇಕು, ಅಂದರೆ ಡಿಸ್ಕೌಂಟ್ 40%ಕ್ಕೆ ಇಳಿದಿದೆ.

ಕ್ಲೇಮ್‌ಗಳ ದಂಡ ಇರುವುದು ಈ 20% ಡಿಸ್ಕೌಂಟಿನಲ್ಲಿ: 3,940 ರೂ., ಜಿಎಸ್‌ಟಿ ಸೇರಿ 4,649. ಕಂಪನಿಯವರ ಹತ್ತಿರ ಚೌಕಾಸಿ ಮಾಡುವುದಿದ್ದರೆ ಈ ಅಂಕಿ ಹಿಡಿದೇ ಮಾತಾಡಿ. ‘ಒಟ್ಟು ಕಡಿಮೆ ಮಾಡಿ’ ಅಂದರೆ ಐಡಿವಿ ಇಳಿಸಿ ಕೈತೊಳೆದುಕೊಳ್ಳುತ್ತಾರೆ.

ಎಲ್ ಬೋರ್ಡ್

ಹಾಗಾದರೆ ಸಿಟಿ ಕಾರು ಅಂತ ಜಾಸ್ತಿ ಹಾಕುವುದು ಸುಳ್ಳಾ? ತುಮಕೂರಿನಲ್ಲಿ ನೋಂದಣಿ ಮಾಡಿಸಿದರೆ ವಿಮೆ ಅಗ್ಗ ಅಂತಾರಲ್ಲ.

ಓಡಿ ಲೆಕ್ಕಿಗ

ಸುಳ್ಳಲ್ಲ, ಆದರೆ ಆ ಟ್ಯಾರಿಫ್‌ನಲ್ಲಿ ಅದು ಚಿಲ್ಲರೆ. ಎ ವಲಯದಲ್ಲಿ ಎಂಟೇ ನಗರ: ಬೆಂಗಳೂರು, ಚೆನ್ನೈ, ಹೈದರಾಬಾದ್, ಮುಂಬೈ, ಪುಣೆ, ಅಹಮದಾಬಾದ್, ಕೋಲ್ಕತ್ತಾ, ನವದೆಹಲಿ. ದೇಶದ ಉಳಿದ ಭಾಗವೆಲ್ಲ ಬಿ. ಇದೇ ಕಾರಿಗೆ ಬಿ ವಲಯದಲ್ಲಿ 3.191%. 6 ಲಕ್ಷದ ಮೇಲೆ ವ್ಯತ್ಯಾಸ 552 ರೂ. 60% ಡಿಸ್ಕೌಂಟ್ ಹೋದ ಮೇಲೆ 221. ಇಷ್ಟಕ್ಕೋಸ್ಕರ ಯಾರಾದರೂ ತುಮಕೂರಿನ ವಿಳಾಸ ಹುಡುಕುತ್ತಾರಾ ಗುರು? ಡಿಸ್ಕೌಂಟ್ ಎಷ್ಟು ಎಂಬುದನ್ನು ಮಾಡೆಲ್, ವಯಸ್ಸು, ಕ್ಲೇಮ್ ಇತಿಹಾಸ ನೋಡಿ ಪ್ರತಿ ಕಂಪನಿ ತಾನೇ ನಿರ್ಧರಿಸುತ್ತದೆ. ಅಲ್ಲಿರುವುದು ಸಾವಿರಗಳ ಆಟ. ನಾಲ್ಕು ಕಂಪನಿಗಳಲ್ಲಿ ಒಂದೇ ಐಡಿವಿ, ಅವೇ ಆಡ್‌ಆನ್ ಹಾಕಿ ಕೋಟ್ ತೆಗೆದು ‘ಬೇಸಿಕ್ ಓಡಿ’ ಸಾಲನ್ನು ಮಾತ್ರ ಹೋಲಿಸಿ.

ಸಣ್ಣಕ್ಷರ

ಥರ್ಡ್ ಪಾರ್ಟಿ ದರಕ್ಕೂ ಚಾಲಕನ ಚರಿತ್ರೆಗೂ ಸಂಬಂಧವಿಲ್ಲ. ಅದು ಸರ್ಕಾರ ಅಧಿಸೂಚನೆಯಲ್ಲಿ ಗೊತ್ತುಮಾಡಿದ ದರ. 1000 ಸಿಸಿವರೆಗೆ 2,094, 1500 ದಾಟಿದರೆ 7,897. ಎಲೆಕ್ಟ್ರಿಕ್ ಆದರೆ 30 ಕಿಲೋವ್ಯಾಟ್‌ವರೆಗೆ 1,780, 65ರವರೆಗೆ 2,904, ಅದರ ಮೇಲೆ 6,712. ಕ್ಲೇಮ್ ಜಾಸ್ತಿ ಅಂತ ಇದನ್ನು ಏರಿಸುವಂತಿಲ್ಲ. ಟ್ರಾಫಿಕ್ ಉಲ್ಲಂಘನೆಯನ್ನು ಪ್ರೀಮಿಯಂಗೆ ಜೋಡಿಸಬೇಕೆಂದು 2021ರ ಜನವರಿಯಲ್ಲಿ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐನ ಕಾರ್ಯತಂಡವೊಂದು ಶಿಫಾರಸು ಮಾಡಿತ್ತು. ಮೇಲಿನ ದರಪಟ್ಟಿಯಲ್ಲಿ ಅದರ ಸುಳಿವಿಲ್ಲ.

ಕಂಪನಿ ಬದಲಿಸುವ ಪ್ರಶ್ನೆಗೆ: ಗೊತ್ತಾಗುತ್ತದೆ. ಪ್ರಪೋಸಲ್‌ನಲ್ಲಿ ‘ಕಳೆದ ಪಾಲಿಸಿಯಲ್ಲಿ ಕ್ಲೇಮ್ ಇದೆಯೇ’ ಎಂಬುದಕ್ಕೆ ‘ಇಲ್ಲ’ ಒತ್ತಿದರೆ ಕೋಟ್ ತಟ್ಟನೆ ಕೆಳಗಿಳಿಯುತ್ತದೆ, ದುಡ್ಡು ಕಟ್ಟಿಸಿಕೊಂಡು ಪಾಲಿಸಿಯನ್ನೂ ಕೊಡುತ್ತಾರೆ. ಎಡವಟ್ಟಾಗುವುದು ಮುಂದಿನ ಕ್ಲೇಮ್ ಬಂದಾಗ. ಹಳೇ ಕಂಪನಿಯಿಂದ ಎನ್‌ಸಿಬಿ ದೃಢೀಕರಣ ತರಿಸುತ್ತಾರೆ. ನೀವು ಒಪ್ಪಿಕೊಂಡ ಘೋಷಣೆಯಲ್ಲೇ ಬರೆದಿರುತ್ತದೆ: ಹೇಳಿದ್ದು ತಪ್ಪಾದರೆ ಸೆಕ್ಷನ್ 1, ಅಂದರೆ ಓನ್ ಡ್ಯಾಮೇಜ್ ಸೌಲಭ್ಯವೆಲ್ಲ ಮುಟ್ಟುಗೋಲು. ಥರ್ಡ್ ಪಾರ್ಟಿ ಉಳಿಯುತ್ತದೆ, ನಿಮ್ಮ ಕಾರಿನ ರಿಪೇರಿ ನಿಮ್ಮ ತಲೆ ಮೇಲೆ. ಏಜೆಂಟ್ ತುಂಬಿಕೊಟ್ಟ ಫಾರ್ಮ್ ಆದರೂ ಹೊಣೆ ನಿಮ್ಮದೇ. ಹೊಸ ಪಾಲಿಸಿ ಕೈಗೆ ಬಂದ ಕೂಡಲೇ ಎನ್‌ಸಿಬಿ ಶೇಕಡಾ ನೋಡಿ. ತಪ್ಪಿದ್ದರೆ ಇಮೇಲ್ ಹಾಕಿ, ವ್ಯತ್ಯಾಸ ಕಟ್ಟಿ ತಿದ್ದಿಸಿಕೊಳ್ಳಿ.

ಹಿಂಬದಿ ಬಂಪರ್

ಸರಿ, ಈಗ ಎರಡನೇ ಪ್ರಶ್ನೆ. ಬಂಪರಿಗೆ ಮತ್ತೆ ಪೆಟ್ಟು ಬಿದ್ದರೆ?

ಓಡಿ ಲೆಕ್ಕಿಗ

ಎಲ್ಲರಿಗೂ ಒಂದೇ ಉತ್ತರ ಇಲ್ಲ. ಬಂಪರ್ 9,000, ಪೇಂಟ್ 6,000, ಲೇಬರ್ 2,500, ಒಟ್ಟು 17,500 ಅಂತ ಇಟ್ಟುಕೊಳ್ಳಿ (ಲೆಕ್ಕಕ್ಕಾಗಿ ತೆಗೆದುಕೊಂಡ ಅಂಕಿ).

ಜೀರೊ ಡೆಪ್ (ಸವಕಳಿ ಕತ್ತರಿಸದೆ ಕೊಡುವ ಆಡ್‌ಆನ್) ಇಲ್ಲದಿದ್ದರೆ ಕಡಿತ ಹೀಗೆ. ಬಂಪರ್ ಪ್ಲಾಸ್ಟಿಕ್‌ನದ್ದು. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಟೈರಿಗೆ ಕಾರಿನ ವಯಸ್ಸು ಎಷ್ಟೇ ಇರಲಿ 50%. ಅಲ್ಲಿ 4,500 ಹೋಯಿತು. ಪೇಂಟ್ ಬಿಲ್‌ನಲ್ಲಿ 25% ಸಾಮಗ್ರಿ ಅಂತ ಹಿಡಿದು ಅದರ ಅರ್ಧ ಕತ್ತರಿಸುತ್ತಾರೆ, 750. ಕಡ್ಡಾಯ ಕಡಿತ (ಪ್ರತಿ ಕ್ಲೇಮಿನಲ್ಲಿ ನೀವೇ ಹೊರುವ ಮೊತ್ತ) 1500 ಸಿಸಿವರೆಗೆ 1,000 ರೂ., ಅದರ ಮೇಲಿನ ಕಾರಿಗೆ 2,000. ನಿಮ್ಮ ಕಾರಿಗೆ ಕಂಪನಿ ಕೊಡುವುದು 11,250.

ಈಗ ಬೇರೊಬ್ಬರ ಕಾರು ನೋಡಿ. ಮೂರು ವರ್ಷ ಕ್ಲೇಮ್ ಇಲ್ಲದೆ 35% ಎನ್‌ಸಿಬಿಯಲ್ಲಿದೆ, ಮುಂದಿನ ರಿನೀವಲ್‌ಗೆ 45% ಆಗಬೇಕು. ಎನ್‌ಸಿಬಿ ಕಳೆಯುವ ಮುಂಚಿನ ಓಡಿ 8,000 ರೂ. ಕ್ಲೇಮ್ ಮಾಡದಿದ್ದರೆ ಮುಂದಿನ ಐದು ವರ್ಷದ ಎನ್‌ಸಿಬಿ ಮೆಟ್ಟಿಲು 45, 50, 50, 50, 50. ಮಾಡಿದರೆ 0, 20, 25, 35, 45. ವ್ಯತ್ಯಾಸ 45, 30, 25, 15, 5. ರೂಪಾಯಿಯಲ್ಲಿ 3,600, 2,400, 2,000, 1,200, 400. ಒಟ್ಟು 9,600, ಜಿಎಸ್‌ಟಿ ಸೇರಿ 11,328. ಸಿಗುವುದು 11,250, ಕಳೆದುಕೊಳ್ಳುವುದು 11,328! ಐಡಿವಿ ಇಳಿದ ಹಾಗೆ ಓಡಿಯೂ ವರ್ಷಕ್ಕೆ 10% ಇಳಿಯುತ್ತದೆ ಅಂದುಕೊಂಡರೂ ನಷ್ಟ ಸುಮಾರು 10,050. ಉಳಿತಾಯ 1,200 ರೂಪಾಯಿಯೂ ದಾಟುವುದಿಲ್ಲ, ಅದರ ಮೇಲೆ ಡಿಸ್ಕೌಂಟ್ ಇಳಿಯುವ ಭಯ ಬೇರೆ. ಅವರು ಕೈಯಿಂದ ಮಾಡಿಸುವುದೇ ಮೇಲು.

ನಿಮ್ಮ ಕಥೆ ತದ್ವಿರುದ್ಧ. ನಿಮ್ಮ ಬಳಿ ಕಳೆದುಕೊಳ್ಳಲು ಎನ್‌ಸಿಬಿಯೇ ಇಲ್ಲ. ಈ ವರ್ಷ ಕ್ಲೇಮ್ ಮಾಡಿದರೆ ತಪ್ಪುವುದು ಬರಲಿರುವ 20%. ಎರಡು ವರ್ಷದೊಳಗೆ ಮತ್ತೊಂದು ಕ್ಲೇಮ್ ಹೇಗೂ ಆಗುವ ಓಡಾಟವಾದರೆ ಆ ಮೆಟ್ಟಿಲು ಯಾವತ್ತೂ 25% ದಾಟುವುದಿಲ್ಲ. ಅಂಥವರು ‘ಎನ್‌ಸಿಬಿ ಉಳಿಸಿಕೊಳ್ಳಿ’ ಎಂಬ ಮಾತು ಕೇಳಿ 17,500 ಕೈಯಿಂದ ಹಾಕುವುದು ದಡ್ಡತನ.

ಇನ್ನೊಂದು: ಪಾಲಿಸಿ ವರ್ಷದಲ್ಲಿ ಒಂದು ಕ್ಲೇಮ್ ಆದರೂ ಮೂರಾದರೂ ಎನ್‌ಸಿಬಿ ಹೋಗುವುದು ಒಂದೇ ಸಲ. ಒಂದು ದೊಡ್ಡ ಕ್ಲೇಮ್ ಆಗಿಹೋದ ವರ್ಷದಲ್ಲಿ ಎರಡನೆಯದಕ್ಕೆ ಎನ್‌ಸಿಬಿ ಬೆಲೆ ಸೊನ್ನೆ.

ಟಿಂಕರ್ ಖಾನೆ

ಲೆಕ್ಕಿಗರ ಕೊನೇ ಮಾತಿಗೆ ಒಂದು ಎಚ್ಚರಿಕೆ. ‘ಹೇಗೂ ಕ್ಲೇಮ್ ಆಯ್ತಲ್ಲ, ಹಳೇ ಗೀರೆಲ್ಲ ಸೇರಿಸಿಬಿಡಿ’ ಅನ್ನುವವರು ಬಹಳ. ಪ್ರತಿ ಘಟನೆಯೂ ಬೇರೆ ಕ್ಲೇಮ್, ಬೇರೆ ಕಡ್ಡಾಯ ಕಡಿತ. ಹಿಂದಿನ ಬಂಪರೂ ಮುಂದಿನ ಎಡ ಫೆಂಡರೂ ಒಂದೇ ಪೆಟ್ಟಿಗೆ ಹೋಗುವುದಿಲ್ಲ ಅಂತ ಸರ್ವೇಯರ್‌ಗೆ (ಹಾನಿ ಪರಿಶೀಲಿಸಿ ಅಂದಾಜು ಮಾಡುವವರು) ಹೇಳಿಕೊಡಬೇಕಾಗಿಲ್ಲ. ಅವರು ನೋಡುವುದು ಗೀರಿನ ಒಳಗೆ. ತಗಡು ಹೊಳೆಯುತ್ತಿದ್ದರೆ ಹೊಸದು. ಕಂದು ತುಕ್ಕು ಕೂತಿದ್ದರೆ, ವ್ಯಾಕ್ಸ್ ಅಥವಾ ಧೂಳು ಗಟ್ಟಿಯಾಗಿದ್ದರೆ ಹಳೆಯದು. ಪೆಟ್ಟು ನೆಲದಿಂದ ಎಷ್ಟು ಎತ್ತರಕ್ಕಿದೆ, ಎದುರಿನ ಗಾಡಿಯ ಬಣ್ಣ ಅಂಟಿದೆಯಾ, ಗೀರು ಹಿಂದಿನಿಂದ ಮುಂದಕ್ಕೆ ಎಳೆದದ್ದಾ ಅಥವಾ ಮುಂದಿನಿಂದ ಹಿಂದಕ್ಕಾ, ಇವನ್ನು ನಿಮ್ಮ ಹೇಳಿಕೆ ಜತೆ ಇಟ್ಟು ನೋಡುತ್ತಾರೆ. ‘ನಿಲ್ಲಿಸಿದ್ದಾಗ ಯಾರೋ ಗುದ್ದಿದರು’ ಅಂತ ಬರೆದು ಬಾಗಿಲ ಮೇಲೆ ಮೂರು ಅಡಿ ಉದ್ದದ ನೇರ ಗೀರು ತೋರಿಸಿದರೆ ಅದು ಕಂಬಕ್ಕೋ ಗೇಟಿಗೋ ಉಜ್ಜಿದ್ದು ಅಂತ ಗೊತ್ತಾಗುತ್ತದೆ. ಉಜ್ಜಿದ್ದಕ್ಕೂ ಕವರ್ ಇದೆ ಸ್ವಾಮಿ, ನಿಜ ಬರೆದರೆ ಏನೂ ಹೋಗಲ್ಲ.

ಕ್ಯಾಶ್‌ಲೆಸ್‌ನಲ್ಲಿ (ಕಂಪನಿಯೇ ಗ್ಯಾರೇಜಿಗೆ ನೇರ ಪಾವತಿಸುವಾಗ) ಸರ್ವೆ ಆಗುವ ಮುಂಚೆ ಬಂಪರ್ ಬಿಚ್ಚಲು ಬಿಡಬೇಡಿ. ಬಿಚ್ಚಿದ ಮೇಲೆ ಒಳಗೆ ಇನ್ನಷ್ಟು ಮುರಿದದ್ದು ಕಂಡರೆ (ಬ್ರ್ಯಾಕೆಟ್, ಪಾರ್ಕಿಂಗ್ ಸೆನ್ಸರ್, ಹಿಂದಿನ ಪ್ಯಾನಲ್) ಸಪ್ಲಿಮೆಂಟರಿ ಎಸ್ಟಿಮೇಟ್ ಕಳಿಸಿ ಮತ್ತೆ ಒಪ್ಪಿಗೆ ಪಡೆಯಬೇಕು. ಸಿಟಿ ಬಂಪರ್ ಕೆಲಸದಲ್ಲಿ ಸೆನ್ಸರ್ ಮರೆತುಹೋಗುವುದೇ ಹೆಚ್ಚು. ಕಾರು ಹೊರಗೆ ಬಂದ ಮೇಲೆ ರಿವರ್ಸ್ ಹಾಕಿದಾಗ ಗೊತ್ತಾಗುತ್ತದೆ, ಆಗ ಬಿಲ್ ಮುಚ್ಚಿರುತ್ತದೆ.

ಇನ್ನೊಂದು ಸಂಗತಿ. ಕ್ಲೇಮ್ ನಂಬರ್ ತೆಗೆದು, ಕಡಿತವೇ ಜಾಸ್ತಿ ಅನಿಸಿ ಕೈಯಿಂದ ಕಟ್ಟುವ ತೀರ್ಮಾನ ಮಾಡಿದರೆ ಕ್ಲೇಮ್ ಹಿಂಪಡೆದಿದ್ದೇನೆ ಅಂತ ಇಮೇಲ್ ಹಾಕಿ, ‘ಪಾವತಿ ಇಲ್ಲದೆ ಮುಕ್ತಾಯ’ ಎಂಬ ಉತ್ತರ ಬರುವವರೆಗೆ ಬಿಡಬೇಡಿ. ತೆರೆದೇ ಉಳಿದ ಕ್ಲೇಮ್ ರಿನೀವಲ್ ದಿನ ಎನ್‌ಸಿಬಿಯನ್ನು ತಿಂದುಹಾಕುತ್ತದೆ.

ಎಲ್ ಬೋರ್ಡ್

ವಾಲಂಟರಿ ಡಿಡಕ್ಟಿಬಲ್ (ಪ್ರತಿ ಕ್ಲೇಮಿನಲ್ಲಿ ಇನ್ನಷ್ಟು ನಾವೇ ಹೊರುತ್ತೇವೆಂದು ಒಪ್ಪುವುದು) ಹಾಕಿದರೆ ಪ್ರೀಮಿಯಂ ಇಳಿಯುತ್ತಲ್ಲ?

ಓಡಿ ಲೆಕ್ಕಿಗ

ಟ್ಯಾರಿಫ್ ಪ್ರಕಾರ 2,500ಕ್ಕೆ ಓಡಿಯಲ್ಲಿ 20%, ಗರಿಷ್ಠ 750 ರೂ. 5,000ಕ್ಕೆ 25%, ಗರಿಷ್ಠ 1,500. 7,500ಕ್ಕೆ 30%, ಗರಿಷ್ಠ 2,000. 15,000ಕ್ಕೆ 35%, ಗರಿಷ್ಠ 2,500. ಆ ‘ಗರಿಷ್ಠ’ ನೋಡಿ. ವರ್ಷಕ್ಕೆ 1,500 ಉಳಿಸಲು ಪ್ರತಿ ಕ್ಲೇಮಿಗೆ 5,000 ಬಿಡಬೇಕು, ವರ್ಷಕ್ಕಲ್ಲ. ಮೂರು ವರ್ಷಕ್ಕಿಂತ ಬೇಗ ಒಂದು ಕ್ಲೇಮ್ ಆಗುವವರಿಗೆ ನಷ್ಟ. ಈ ಎಳೆ ಶುರು ಮಾಡಿದವರು ಅದರ ಹತ್ತಿರಕ್ಕೂ ಹೋಗಬಾರದು.

ಐಡಿವಿ ಇಳಿಸುವುದೂ ಹಾಗೇ. 1 ಲಕ್ಷ ಇಳಿಸಿದರೆ 60% ಡಿಸ್ಕೌಂಟಿನಲ್ಲಿ ಉಳಿಯುವುದು ಜಿಎಸ್‌ಟಿ ಸೇರಿ 1,549. ಬಂಪರ್ ಕ್ಲೇಮ್‌ನಲ್ಲಿ ಅದರಿಂದ ವ್ಯತ್ಯಾಸವೇನೂ ಇಲ್ಲ, ನಿಜ. ಆದರೆ ರಿಪೇರಿ ಖರ್ಚು ಐಡಿವಿಯ 75% ದಾಟಿದರೆ ಟೋಟಲ್ ಲಾಸ್ (ಪೂರ್ತಿ ನಷ್ಟ) ಅಂತ ತೀರ್ಮಾನಿಸುತ್ತಾರೆ. ಐಡಿವಿ ಇಳಿದಂತೆ ಆ ಗೆರೆಯೂ ಇಳಿಯುತ್ತದೆ, ಸಿಗುವ ದುಡ್ಡೂ ಇಳಿಯುತ್ತದೆ.

ಸಣ್ಣಕ್ಷರ

ಆಡ್‌ಆನ್ ವಿಷಯ. ಜೀರೊ ಡೆಪ್ ಪೆಟ್ಟು ಜಾಸ್ತಿ ಬೀಳುವ ಕಾರಿಗೆ ಬೇಕೇ ಬೇಕು, ಮೇಲಿನ ಲೆಕ್ಕದಲ್ಲಿ ಒಂದೇ ಬಂಪರಿಗೆ 5,250 ಉಳಿಸುತ್ತದೆ. ಕಡ್ಡಾಯ ಕಡಿತ 1,000 ಆಗಲೂ ನಿಮ್ಮದೇ. ಹಲವು ಪಾಲಿಸಿಗಳಲ್ಲಿ ವರ್ಷಕ್ಕೆ ಎರಡು ಜೀರೊ ಡೆಪ್ ಕ್ಲೇಮ್ ಮಾತ್ರ. ಮೂರನೆಯದಕ್ಕೆ ಮಾಮೂಲಿ ಸವಕಳಿ ಕಡಿತ. ಆ ಎರಡನ್ನು ಸೈಡ್ ಮಿರರಿಗೆ ಖರ್ಚು ಮಾಡಬೇಡಿ. ಹಾಗೇ ಗಾಜಿಗೆ ಸವಕಳಿಯೇ ಇಲ್ಲ, ಅದಕ್ಕೆ ಜೀರೊ ಡೆಪ್ ಬೇಕಾಗಿಯೇ ಇಲ್ಲ. ಲೋಹದ ಭಾಗಕ್ಕೆ ಮೊದಲ 6 ತಿಂಗಳು ಸೊನ್ನೆ, ಒಂದು ವರ್ಷದವರೆಗೆ 5%, ಆಮೇಲೆ 10, 15, 25, 35 ಅಂತ ಏರುತ್ತ 5 ವರ್ಷ ದಾಟಿದರೆ 40, 10 ದಾಟಿದರೆ 50%.

ಎನ್‌ಸಿಬಿ ಪ್ರೊಟೆಕ್ಟ್ (ಕ್ಲೇಮ್ ಆದರೂ ಎನ್‌ಸಿಬಿ ಉಳಿಸುವ ಆಡ್‌ಆನ್): ಸೊನ್ನೆಯಲ್ಲಿರುವವರಿಗೆ ವ್ಯರ್ಥ. 45–50%ರಲ್ಲಿರುವವರಿಗೆ ಸರಿ. ಅದು ಕಾಪಾಡುವುದು ಎನ್‌ಸಿಬಿ ಶೇಕಡಾವನ್ನು ಮಾತ್ರ. ಲೆಕ್ಕಿಗರು ತೋರಿಸಿದ 60ರಿಂದ 40ಕ್ಕೆ ಇಳಿಯುವ ಡಿಸ್ಕೌಂಟನ್ನು ಅದು ಹಿಡಿದು ನಿಲ್ಲಿಸುವುದಿಲ್ಲ.

ಕಿಲೋಮೀಟರ್ ಲೆಕ್ಕದ ಪಾಲಿಸಿಗೆ 2022ರ ಜುಲೈನಲ್ಲಿ ಐಆರ್‌ಡಿಎಐ ದಾರಿ ಮಾಡಿಕೊಟ್ಟಿತು. ವಾರಕ್ಕೆರಡು ದಿನ ಮಾತ್ರ ಕಾರು ತೆಗೆಯುವವರು ನೋಡಬಹುದು. ಓಡೋಮೀಟರ್ ಫೋಟೋ ಕೊಡಬೇಕು. ಮಿತಿ ಮುಗಿಯುವ ಮುಂಚೆ ಟಾಪ್‌ಅಪ್ ಮಾಡಿಸದಿದ್ದರೆ ಏನಾಗುತ್ತದೆ ಎಂಬ ಷರತ್ತು ಪ್ರತಿ ಕಂಪನಿಯದ್ದೂ ಬೇರೆ, ಅದನ್ನು ಓದಿಯೇ ಕಟ್ಟಿ.

ಮಳೆನೀರು

ಅಂಡರ್‌ಪಾಸಿನ ವಿಷಯ ಯಾರೂ ಎತ್ತಲಿಲ್ಲ. ಸಿಟಿಯಲ್ಲಿ ಬಂಪರಿಗಿಂತ ದೊಡ್ಡ ಬಿಲ್ ಅಲ್ಲಿದೆ.

ಏರ್ ಫಿಲ್ಟರಿನ ಬಾಯಿ ಮುಳುಗುವಷ್ಟು ನೀರಿಗೆ ಹೋದರೆ ಎಂಜಿನ್ ಗಾಳಿಯ ಬದಲು ನೀರು ಎಳೆದುಕೊಳ್ಳುತ್ತದೆ. ಗಾಳಿ ಅದುಮಿದರೆ ಕುಗ್ಗುತ್ತದೆ, ನೀರು ಕುಗ್ಗಲ್ಲ. ಪಿಸ್ಟನ್ ಮೇಲೆ ಬಂದು ಅಲ್ಲೇ ಸಿಕ್ಕಿಕೊಳ್ಳುತ್ತದೆ, ಎಂಜಿನ್ ಆಫ್. ನಿಧಾನಕ್ಕೆ ಹೋಗುತ್ತಿದ್ದಾಗ ಇಷ್ಟಕ್ಕೇ ನಿಂತಿದ್ದರೆ ಬಚಾವಾಗುವ ಸಾಧ್ಯತೆ ಇದೆ. ಕೆಡುವುದು ಆಮೇಲೆ: ಗಾಬರಿಯಲ್ಲಿ ಮತ್ತೆ ಸೆಲ್ಫ್ ಹೊಡೆಯುತ್ತಾರೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ, ಕೆಲವೊಮ್ಮೆ ಬ್ಲಾಕ್ ಒಡೆದು ಹೊರಬರುತ್ತದೆ.

ಪ್ರವಾಹ ಮಾಮೂಲಿ ಪ್ಯಾಕೇಜ್ (ಓಡಿ, ಥರ್ಡ್ ಪಾರ್ಟಿ ಎರಡೂ ಇರುವ) ಪಾಲಿಸಿಯಲ್ಲೇ ಕವರ್ ಆಗುತ್ತದೆ. ಆದರೆ ನಂತರದ ಪರಿಣಾಮದ ಹಾನಿ ಹೊರಗೆ. ಅಂದರೆ ಸೀಟು, ಕಾರ್ಪೆಟ್, ವೈರಿಂಗ್, ಎಣ್ಣೆ ಬದಲಿಸಿ ತೊಳೆಯುವುದಕ್ಕೆ ಕೊಟ್ಟರೂ ಬಾಗಿದ ರಾಡಿಗೆ ‘ನೀರಲ್ಲಿ ಸ್ಟಾರ್ಟ್ ಮಾಡಿದ್ದರಿಂದ ಆದದ್ದು’ ಅಂತ ಕೈ ಎತ್ತುತ್ತಾರೆ. ಅದಕ್ಕೇ ಎಂಜಿನ್ ಪ್ರೊಟೆಕ್ಟ್ ಆಡ್‌ಆನ್. ಅದಿದ್ದರೂ ಮತ್ತೆ ಮತ್ತೆ ಸೆಲ್ಫ್ ಹೊಡೆದದ್ದು ಸಾಬೀತಾದರೆ ತಕರಾರು ಬರಬಹುದು.

ನೀರಲ್ಲಿ ನಿಂತರೆ: ಕೀ ಆಫ್. ಬಾಗಿಲಿಗೆ ನೀರು ಎಲ್ಲಿವರೆಗೆ ಬಂದಿದೆ ಅಂತ ಫೋಟೋ, ಸಮಯ ಕಾಣುವಂತೆ. ಜೀವಕ್ಕೆ ಅಪಾಯವಿದ್ದರೆ ಫೋಟೋ ಬಿಟ್ಟು ಇಳಿದು ಹೋಗಿ. ನೀರು ಇಳಿದ ಮೇಲೆ ಬ್ಯಾಟರಿಯ ನೆಗೆಟಿವ್ ತೆಗೆಸಿ, ಫ್ಲ್ಯಾಟ್‌ಬೆಡ್‌ನಲ್ಲಿ ಎತ್ತಿಸಿ. ಗೇರ್‌ನಲ್ಲಿಟ್ಟು ಎಳೆಸಿದರೆ ಚಕ್ರವೇ ಎಂಜಿನ್ ತಿರುಗಿಸುತ್ತದೆ, ಸೆಲ್ಫ್ ಹೊಡೆದದ್ದಕ್ಕೆ ಸಮ. ಗ್ಯಾರೇಜಿನಲ್ಲಿ ಸ್ಪಾರ್ಕ್ ಪ್ಲಗ್ ಬಿಚ್ಚಿ ನೀರು ತೆಗೆಯುವವರೆಗೆ ಯಾರೂ ಕೀ ತಿರುಗಿಸಬಾರದು ಅಂತ ಜಾಬ್ ಕಾರ್ಡ್‌ನಲ್ಲಿ ಬರೆಸಿ.

ಕಡತ

ಕ್ಲೇಮೇ ತಿರಸ್ಕಾರವಾಗುವ ಸಂದರ್ಭಗಳನ್ನೂ ಸೇರಿಸುತ್ತೇನೆ, ಸಿಟಿಯಲ್ಲಿ ಇವೇ ಜಾಸ್ತಿ.

ಬಿಳಿ ಬೋರ್ಡ್ ಕಾರನ್ನು ಬಾಡಿಗೆಗೆ ಓಡಿಸುವುದು. ‘ಬಳಕೆಯ ಮಿತಿ’ ಷರತ್ತಿನ ಉಲ್ಲಂಘನೆ. 2010ರ ಅಮಲೇಂದು ಸಾಹೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಕ್ಲೇಮನ್ನು ಪೂರ್ತಿ ತಳ್ಳದೆ ನಾನ್‌ಸ್ಟ್ಯಾಂಡರ್ಡ್ ಲೆಕ್ಕದಲ್ಲಿ (ಪೂರ್ತಿ ಬದಲು ಒಂದು ಭಾಗ ಮಾತ್ರ ಕೊಡುವುದು) ಪರಿಗಣಿಸಬೇಕು ಎಂದಿದೆ, ಆದರೆ ಆ ತೀರ್ಪಿನ ಭರವಸೆಯಲ್ಲಿ ಬಾಡಿಗೆಗೆ ಬಿಡಬೇಡಿ.

ಲೈಸೆನ್ಸ್ ಅವಧಿ ಮುಗಿದಿರುವುದು. ಹಿಂದೆ 30 ದಿನ ರಿಯಾಯಿತಿ ಇತ್ತು, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಹೋಯಿತು. ನಮ್ಮಲ್ಲಿ ವಿಮೆ ಕಾರಿಗೇ ಹೊರತು ಹೆಸರಿಟ್ಟ ಚಾಲಕನಿಗಲ್ಲ, ಸರಿಯಾದ ಲೈಸೆನ್ಸ್ ಇರುವ ಯಾರು ಓಡಿಸಿದರೂ ಕವರ್ ಇದೆ. ಹಾಗಾಗಿ ಕೀ ಕೊಡುವ ಮುಂಚೆ ಅವರ ಕಾರ್ಡಿನ ದಿನಾಂಕ ನೋಡಿ. ಸಂಬಳದ ಡ್ರೈವರ್ ಇದ್ದರೆ 50 ರೂ. ಕಟ್ಟಿ ಹೊಣೆಗಾರಿಕೆ ಸೇರಿಸಿ.

ಹೊರಗೆ ಹಾಕಿಸಿದ ಸಿಎನ್‌ಜಿ ಕಿಟ್ ಆರ್‌ಸಿಯಲ್ಲೂ ಪಾಲಿಸಿಯಲ್ಲೂ ಇರಬೇಕು. ಕಿಟ್ ಬೆಲೆಯ 4% ಓಡಿಗೆ, 60 ರೂ. ಥರ್ಡ್ ಪಾರ್ಟಿಗೆ. ಬೆಂಕಿ ಕ್ಲೇಮ್‌ನಲ್ಲಿ ಮೊದಲು ಹುಡುಕುವುದೇ ಇದನ್ನು. ಕುಡಿದು ಓಡಿಸಿದ್ದಕ್ಕೆ ಓಡಿ ಇಲ್ಲ, ಮಾತೇ ಬೇಡ.

ಕಳವಾದರೆ ತಕ್ಷಣ ಎಫ್‌ಐಆರ್, ಅದೇ ದಿನ ಕಂಪನಿಗೆ ತಿಳಿಸಿ, ಎರಡೂ ಕೀ ಜೋಪಾನ. ಎಫ್‌ಐಆರ್ ಕೂಡಲೇ ಆಗಿದ್ದು ಕಂಪನಿಗೆ ತಿಳಿಸುವುದು ಮಾತ್ರ ತಡವಾದರೆ ಅದೊಂದೇ ಕಾರಣಕ್ಕೆ ಕ್ಲೇಮ್ ತಳ್ಳುವಂತಿಲ್ಲ ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ತಕರಾರಾದರೆ ಮೊದಲು ಕಂಪನಿಯ ಗ್ರೀವೆನ್ಸ್ ವಿಭಾಗಕ್ಕೆ ಬರೆದು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಒಂಬುಡ್ಸ್‌ಮನ್ (ವಿಮಾ ದೂರು ಬಗೆಹರಿಸುವ ಅಧಿಕಾರಿ) ಬಳಿ ಹೋಗಿ. ಬೆಂಗಳೂರಿನಲ್ಲಿ ಕಚೇರಿ ಇದೆ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ‘ಕಡಿತ ಜಾಸ್ತಿ ಆಯ್ತು’ ಎಂದಷ್ಟೇ ಬರೆದರೆ ನಿಲ್ಲುವುದಿಲ್ಲ. ಸರ್ವೆ ರಿಪೋರ್ಟಿನ ಪ್ರತಿ ಕೇಳಿ ತೆಗೆದುಕೊಂಡು ಯಾವ ಭಾಗಕ್ಕೆ ಎಷ್ಟು ಶೇಕಡಾ ಹಾಕಿದ್ದಾರೆ, ಪಾಲಿಸಿಯಲ್ಲಿ ಎಷ್ಟಿದೆ ಎಂದು ಸಾಲುಸಾಲಾಗಿ ತೋರಿಸಿ.

ಹಿಂಬದಿ ಬಂಪರ್

ಇನ್ನೊಂದೇ ಪ್ರಶ್ನೆ. ಈಗಿನ ಕಂಪನಿ ಜೀರೊ ಡೆಪ್ ಕೊಡುವುದಿಲ್ಲ ಅಂತಿದೆ. ಬೇರೆಯವರು ಇನ್‌ಸ್ಪೆಕ್ಷನ್ ಕೇಳುತ್ತಿದ್ದಾರೆ. ಪಾಲಿಸಿ ಮುಗಿಯಲು 12 ದಿನ ಇದೆ.

ಟಿಂಕರ್ ಖಾನೆ

ಇವತ್ತೇ ಇನ್‌ಸ್ಪೆಕ್ಷನ್ ಮಾಡಿಸಿ. ಕಾರು ತೊಳೆಸಿ, ಹಗಲು ಬೆಳಕಲ್ಲಿ ನಿಲ್ಲಿಸಿ. ಈಗಿರುವ ಗೀರುಗಳೆಲ್ಲ ವರದಿಯಲ್ಲಿ ಬರುತ್ತವೆ, ಅವಕ್ಕೆ ಮುಂದೆ ಕ್ಲೇಮ್ ಸಿಗಲ್ಲ. ದೊಡ್ಡ ಪೆಟ್ಟೇನಾದರೂ ಬಾಕಿ ಇದ್ದರೆ ಹಳೇ ಪಾಲಿಸಿ ಮುಗಿಯುವ ಮುಂಚೆ ಅದರಲ್ಲೇ ಮುಗಿಸಿಕೊಳ್ಳಿ.

ಸಣ್ಣಕ್ಷರ

12 ದಿನ ದಾಟಲು ಮಾತ್ರ ಬಿಡಬೇಡಿ. 90 ದಿನ ದಾಟಿದರೆ ಎನ್‌ಸಿಬಿ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ನಿಮಗೆ ಅದು ಲೆಕ್ಕಕ್ಕಿಲ್ಲ. ಆದರೆ ನಿಮ್ಮ ಮೂರು ವರ್ಷದ ಥರ್ಡ್ ಪಾರ್ಟಿಯೂ ಅದೇ ದಿನ ಮುಗಿಯುತ್ತದೆ. ಮರುದಿನ ಕಾರು ರಸ್ತೆಗಿಳಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 196ರಲ್ಲಿ ಮೊದಲ ಸಲಕ್ಕೆ 2,000 ರೂ. ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಯಾರಿಗಾದರೂ ಗುದ್ದಿದರೆ ಪರಿಹಾರ ಪೂರ್ತಿ ನಿಮ್ಮ ಜೇಬಿನಿಂದ. ಜೀರೊ ಡೆಪ್ ಮಾತುಕತೆ ಎಳೆದಾಡಿದರೆ ಥರ್ಡ್ ಪಾರ್ಟಿ ಒಂದನ್ನು ಮೊದಲು ಕಟ್ಟಿಬಿಡಿ. ಸ್ಟ್ಯಾಂಡ್‌ಅಲೋನ್ ಓಡಿ ಪಾಲಿಸಿಯನ್ನು ಬೇರೆ ಕಂಪನಿಯಲ್ಲಿ ಆಮೇಲೆ ತೆಗೆದುಕೊಳ್ಳಬಹುದು. ಅದರ ಮೇಲೆ ಥರ್ಡ್ ಪಾರ್ಟಿ ಪಾಲಿಸಿಯ ಸಂಖ್ಯೆ ಮತ್ತು ಅವಧಿ ಸರಿಯಾಗಿ ನಮೂದಾಗಿದೆಯಾ ನೋಡಿ.